ಎಡಗಡೆಯ ಸೀಟು

2017ರ ಜೂನ್ ತಿಂಗಳ ಒಂದು ಬೆಳಗಿನ ಜಾವ ಧೂಳಖೇಡದ ಸೇತುವೆಯ ಮೇಲೆ ಭೀಮಾ ನದಿಯನ್ನು ದಾಟಿ ನಾನು ಮಹಾರಾಷ್ಟ್ರಕ್ಕೆ ಹೋದೆ. ಇಂಡಿ ತಾಲ್ಲೂಕಿನ ನಮ್ಮಂಥವರಿಗೆ ಆ ಸೇತುವೆ ಹೊಸದೇನಲ್ಲ. ದವಾಖಾನೆಗೆಂದು, ಮದುವೆಯ ಜವಳಿಗೆಂದು, ನಿಂಬೆಹಣ್ಣಿನ ಚೀಲ ಮಾರಲೆಂದು ಸೊಲ್ಲಾಪುರಕ್ಕೆ ಹೋಗಿಬರುವುದು ನಮ್ಮಲ್ಲಿ ಪಕ್ಕದ ಊರಿನ ಸಂತೆಗೆ ಹೋಗಿಬಂದಷ್ಟೇ ಸಲೀಸು. ಆದರೆ ಸಂಜೆಗೆ ಮರಳುವ ಲೆಕ್ಕವಿಲ್ಲದೆ ಆ ಸೇತುವೆಯನ್ನು ದಾಟಿದ್ದು ಅದೇ ಮೊದಲು. ಚೀಲದಲ್ಲಿ ಅವ್ವ ಕಟ್ಟಿಕೊಟ್ಟ ನಲವತ್ತು ಖಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ, ಎರಡು ಜೊತೆ ಬಟ್ಟೆ, ಬಿ.ಎ. ಅಂಕಪಟ್ಟಿ ಇದ್ದವು. ಅಂಗಿಯ ಜೇಬಿನಲ್ಲಿ ಭಾರಿ ಸರಕು ವಾಹನ ನಡೆಸುವ ಲೈಸನ್ಸ್ ಇತ್ತು. ನನಗೆ ಆಗ ಇಪ್ಪತ್ತೆರಡು ವರ್ಷ.

ಆ ಲೈಸನ್ಸಿಗಾಗಿ ನಾನು ಮೂರು ವರ್ಷ ಕಾದಿದ್ದೆ. ಹದಿನೆಂಟು ತುಂಬಿದವರಿಗೆ ಕಾರಿನ ಲೈಸನ್ಸ್ ಸಿಗುತ್ತದೆ. ಬಾಡಿಗೆ ಅಥವಾ ಸರಕಿನ ವಾಹನ ನಡೆಸಬೇಕಾದರೆ ಇಪ್ಪತ್ತು ತುಂಬಿರಬೇಕು, ಅದಕ್ಕೂ ಮೊದಲು ಲಘು ವಾಹನದ ಲೈಸನ್ಸ್ ಕೈಯಲ್ಲಿ ಹಿಡಿದು ಕನಿಷ್ಠ ಒಂದು ವರ್ಷ ಕಳೆದಿರಬೇಕು. ಡ್ರೈವಿಂಗ್ ಶಾಲೆಯ ಪ್ರಮಾಣಪತ್ರ, ವೈದ್ಯರ ಪ್ರಮಾಣಪತ್ರ, ವಿಜಯಪುರದ ಆರ್‌ಟಿಒ ಮೈದಾನದಲ್ಲಿ ಖಾಲಿ ಲಾರಿಯ ಎಂಟು ನಿಮಿಷದ ಪರೀಕ್ಷೆ, ಇವೆಲ್ಲ ಮುಗಿದು ಕಾರ್ಡು ಕೈಗೆ ಬಂದ ದಿನ ಅದನ್ನು ದೇವರ ಜಗುಲಿಯ ಮೇಲೆ ಇಟ್ಟು ಕೈಮುಗಿದಿದ್ದೆ. ಮರುದಿನದಿಂದಲೇ ವಿಜಯಪುರದ ಟ್ರಾನ್ಸ್‌ಪೋರ್ಟ್ ಕಚೇರಿಗಳನ್ನು ಸುತ್ತಿದೆ. ಹೋದಲ್ಲೆಲ್ಲ ಕೇಳಿದ ಮೊದಲ ಪ್ರಶ್ನೆ ಎಷ್ಟು ವರ್ಷ ಗಾಡಿ ನಡೆಸಿದ್ದೀ ಎಂಬುದು. ಎರಡನೆಯದು ಯಾರ ಕೈಕೆಳಗೆ ಎಂಬುದು. ಎರಡಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಲೈಸನ್ಸ್ ಇಡೀ ದೇಶಕ್ಕೆ ಸಲ್ಲುತ್ತದೆ ಎಂದು ಕಾನೂನು ಹೇಳುತ್ತದೆ. ಆದರೆ ಮೂವತ್ತು ಲಕ್ಷದ ಗಾಡಿಯ ಕೀಲಿಯನ್ನು ಅದನ್ನಷ್ಟೇ ನೋಡಿ ಕೊಡುವ ಮಾಲಕರು ನನ್ನ ಜಿಲ್ಲೆಯಲ್ಲೇ ಸಿಗಲಿಲ್ಲ. ನವಿ ಮುಂಬೈಯಲ್ಲಿ ಕಂಟೇನರ್ ಗಾಡಿಗಳಿಗೆ ಡ್ರೈವರ್ ಸಾಲುತ್ತಿಲ್ಲ, ಅಲ್ಲಿ ಹೊಸಬರನ್ನೂ ತೆಗೆದುಕೊಳ್ಳುತ್ತಾರೆ ಎಂದು ನಮ್ಮ ಊರಿನವರೊಬ್ಬರು ಹೇಳಿದರು. ಅಷ್ಟೇ ಸಾಕಾಯಿತು.

ನವಿ ಮುಂಬೈಯ ಕಳಂಬೋಲಿಯನ್ನು ನೋಡದವರಿಗೆ ಅದನ್ನು ಊರು ಎಂದು ವಿವರಿಸುವುದು ಕಷ್ಟ. ಪುಣೆಯಿಂದ ಬರುವ ಎಕ್ಸ್‌ಪ್ರೆಸ್ ಹೆದ್ದಾರಿ ಕೊನೆಗೊಳ್ಳುವುದೇ ಅಲ್ಲಿ. ಅಲ್ಲಿಂದ ಒಂದು ದಾರಿ ವಾಶಿಯ ಕಡೆಗೆ, ಒಂದು ತಳೋಜಾ ಕೈಗಾರಿಕಾ ಪ್ರದೇಶದ ಕಡೆಗೆ, ಇನ್ನೊಂದು ನ್ಹಾವಾ ಶೇವಾದ ಜವಾಹರಲಾಲ್ ನೆಹರೂ ಬಂದರಿನ ಕಡೆಗೆ ಹೋಗುತ್ತವೆ. ಕಬ್ಬಿಣದ ದೊಡ್ಡ ಮಾರುಕಟ್ಟೆಯ ಸುತ್ತ ಎಲ್ಲಿ ನೋಡಿದರಲ್ಲಿ ಗಾಡಿಗಳು, ಟಯರ್ ಅಂಗಡಿಗಳು, ತೂಕದ ಕಟ್ಟೆಗಳು, ಚಹಾದ ಗಾಡಿಗಳು. 1989ರಲ್ಲಿ ಆರಂಭವಾದ ಆ ಬಂದರು ಉತ್ತರ ಪ್ರದೇಶ, ಬಿಹಾರ, ಜಾರ್ಖಂಡ್, ರಾಜಸ್ಥಾನ, ಮರಾಠವಾಡಾ ಮತ್ತು ನಮ್ಮ ಕಡೆಯ ಹುಡುಗರನ್ನು ಅಲ್ಲಿಗೆ ಎಳೆದು ತಂದಿದೆ. ಒಂದು ಕೋಣೆಯಲ್ಲಿ ನಾವು ಆರು ಜನ ಇದ್ದೆವು. ಆರೂ ಜನ ಒಟ್ಟಿಗೆ ಮಲಗಿದ ರಾತ್ರಿ ಮಾತ್ರ ನನಗೆ ನೆನಪಿಲ್ಲ, ಏಕೆಂದರೆ ಯಾವಾಗಲೂ ನಾಲ್ವರಾದರೂ ಗಾಡಿಯಲ್ಲೇ ಇರುತ್ತಿದ್ದರು.

ಕೆಲಸ ಕೊಟ್ಟ ಮಾಲಕರು ಮೊದಲು ಮಾಡಿದ್ದು ನನ್ನ ಲೈಸನ್ಸನ್ನು ತೆಗೆದುಕೊಂಡು ಮೇಜಿನ ಖಾನೆಯಲ್ಲಿ ಇಟ್ಟುಕೊಂಡದ್ದು. ಓಡಿಹೋಗಬಾರದಲ್ಲ ಎಂದರು. ಪೊಲೀಸರು ಕೇಳಿದರೆ ತೋರಿಸಲು ನೆರಳಚ್ಚು ಪ್ರತಿ ಕೊಟ್ಟರು. ಎರಡನೆಯದಾಗಿ, ಆರು ತಿಂಗಳು ಕ್ಲೀನರ್ ಸಂಬಳಕ್ಕೆ ಇರಬೇಕು, ಎಡಗಡೆಯ ಸೀಟಿನಲ್ಲಿ ಕುಳಿತು ಕಲಿಯಬೇಕು ಎಂದರು. ಮೊದಲನೆಯದು ತಪ್ಪು, ಇಂದಿಗೂ ತಪ್ಪು ಎಂದೇ ಹೇಳುತ್ತೇನೆ. ಎರಡನೆಯದು ನನ್ನ ಜೀವ ಉಳಿಸಿತು. ಆ ದಿನ ಮಾತ್ರ ನನಗೆ ಎರಡೂ ಒಂದೇ ಬಗೆಯ ಅವಮಾನವಾಗಿ ಕಂಡವು.

ಬಲಗಡೆ ಸ್ಟೇರಿಂಗ್ ಹಿಡಿದಿದ್ದವರು ಜತ್ತ ತಾಲ್ಲೂಕಿನ ಹಿರಿಯರು. ಜತ್ತ ಇರುವುದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಾದರೂ ಅಲ್ಲಿಯ ಎಷ್ಟೋ ಹಳ್ಳಿಗಳ ಮನೆಮಾತು ಕನ್ನಡ. ಯಾರ್ಡಿನಲ್ಲಿ ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ನನ್ನ ಮುಖ ನೋಡಿಯೇ ಅವರಿಗೆ ಒಳಗಿನದು ತಿಳಿದಿರಬೇಕು. ಗಾಡಿ ಏರಿ ಕುಳಿತ ಮೇಲೆ, “ತಮ್ಮಾ, ಲೈಸನ್ಸ್ ಸರಕಾರ ಕೊಡತದ. ಸ್ಟೇರಿಂಗ್ ನಾ ಕೊಡಬೇಕು. ಅಲ್ಲೀತನಕ ಎಡಗಡಿ ಕೂತು ನೋಡು,” ಎಂದರು.

ಎಡಗಡೆ ಕುಳಿತವನ ಕೆಲಸ ನೋಡುವುದೇ. ಬಲಗಡೆ ಕುಳಿತವನಿಗೆ ಲಾರಿಯ ಎಡಮಗ್ಗುಲು ಅರ್ಧ ಕುರುಡು. ಸ್ಕೂಟರು, ಸೈಕಲ್ಲು, ರಸ್ತೆಯ ಅಂಚು, ಕೆಳಗೆ ಜೋತುಬಿದ್ದ ತಂತಿ, ಎಲ್ಲವನ್ನೂ ಎಡಗಡೆಯ ಕಿಟಕಿಯಿಂದ ನೋಡಿ ಹೇಳಬೇಕು. ಹಿಂದೆ ಸರಿಯುವಾಗ ಇಳಿದು ಹಿಂಬದಿಗೆ ಹೋಗಿ ಗಾಡಿಯ ಮೈ ಬಡಿಯಬೇಕು; ಒಂದು ಬಡಿತಕ್ಕೆ ನಿಲ್ಲುವುದು, ಎರಡಕ್ಕೆ ಬರುವುದು. ನಲವತ್ತು ಅಡಿಯ ಟ್ರೇಲರ್ ಹಿಂದೆ ಸರಿಯುವಾಗ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದರೆ ಟ್ರೇಲರಿನ ಬಾಲ ಎಡಕ್ಕೆ ಹೋಗುತ್ತದೆ. ಇದನ್ನು ಮಾತಿನಲ್ಲಿ ಯಾರಾದರೂ ಹೇಳಬಲ್ಲರು. ಕೈಗೆ ಹತ್ತಬೇಕಾದರೆ ಹಿಂದೆ ನಿಂತು ಮುನ್ನೂರು ಸಲವಾದರೂ ಆ ಬಾಲ ಸರಿಯುವುದನ್ನು ಕಣ್ಣಾರೆ ನೋಡಿರಬೇಕು.

ಕಂಟೇನರಿನ ನಾಲ್ಕು ಮೂಲೆಗಳಲ್ಲಿ ಟ್ವಿಸ್ಟ್ ಲಾಕ್ ಎಂಬ ಕಬ್ಬಿಣದ ಬೀಗಗಳಿರುತ್ತವೆ. ಹೆದ್ದಾರಿಯಲ್ಲಿ ಅವು ಬಿಗಿದಿರಬೇಕು, ಇಲ್ಲವಾದರೆ ತಿರುವಿನಲ್ಲಿ ಪೆಟ್ಟಿಗೆಯೇ ಉರುಳುತ್ತದೆ. ಕ್ರೇನಿನ ಕೆಳಗೆ ಬಂದಾಗ ಅವು ತೆರೆದಿರಬೇಕು, ಒಂದು ಮರೆತರೂ ಕ್ರೇನು ಕಂಟೇನರಿನ ಜೊತೆಗೆ ಟ್ರೇಲರನ್ನೂ ಮೇಲಕ್ಕೆತ್ತುತ್ತದೆ. ಪ್ರತಿ ಸಲವೂ ನಾನು ಸುತ್ತು ಹಾಕಿ ನಾಲ್ಕನ್ನೂ ಕೈಯಿಂದ ಮುಟ್ಟಿ ಬರಬೇಕಿತ್ತು. ಕಣ್ಣಿನಿಂದ ನೋಡಿದರೆ ಸಾಲದು, ಮುಟ್ಟಬೇಕು ಎಂಬುದು ಕಾಕಾ ಅವರ ಕಟ್ಟುನಿಟ್ಟು.

ಓದಿದವನು ಎಂದು ಕಂಟೇನರಿನ ನಂಬರು ಬರೆದುಕೊಳ್ಳುವ ಕೆಲಸವೂ ನನ್ನದಾಯಿತು. ನಾಲ್ಕು ಇಂಗ್ಲಿಷ್ ಅಕ್ಷರ, ಆರು ಅಂಕಿ, ಕೊನೆಗೆ ಒಂದು ಚೌಕದೊಳಗೆ ಇನ್ನೊಂದು ಅಂಕಿ. ಮೊದಲ ಮೂರು ಅಕ್ಷರ ಪೆಟ್ಟಿಗೆಯ ಒಡೆಯರ ಗುರುತು. ಚೌಕದೊಳಗಿನ ಕೊನೆಯ ಅಂಕಿ ಹಿಂದಿನ ಹತ್ತು ಗುರುತುಗಳಿಂದ ಲೆಕ್ಕ ಹಾಕಿ ಬಂದದ್ದು; ಮಧ್ಯೆ ಒಂದು ಅಂಕಿ ತಪ್ಪಿದರೂ ಲೆಕ್ಕ ಕೂಡುವುದಿಲ್ಲ, ಕಂಪ್ಯೂಟರು ನಂಬರನ್ನು ತಿರಸ್ಕರಿಸುತ್ತದೆ. ಮೂರನೆಯ ವಾರವೇ ಜಿಟಿಜಿಟಿ ಮಳೆಯಲ್ಲಿ, ತುಕ್ಕು ಹಿಡಿದ ಬಾಗಿಲಿನ ಮೇಲಿನ 8ನ್ನು ನಾನು 6 ಎಂದು ಬರೆದುಕೊಂಡೆ. ಬಂದರಿನ ಗೇಟಿನಲ್ಲಿ ಕಾಗದ ಹೊಂದಲಿಲ್ಲ. ಸಾಲಿನಿಂದ ಹೊರಗೆ ಬಂದು, ಕಾಗದ ತಿದ್ದಿಸಿಕೊಂಡು, ಮತ್ತೆ ಸಾಲಿನ ಬಾಲಕ್ಕೆ ಸೇರುವಷ್ಟರಲ್ಲಿ ಬೆಳಗಾಗಿತ್ತು. ಒಂದು ಇಡೀ ರಾತ್ರಿಯ ದುಡಿಮೆ ಹೋಯಿತು. ಕಾಕಾ ಬೈಯಲಿಲ್ಲ. ಮರುದಿನದಿಂದ ನಂಬರು ಬರೆದ ಮೇಲೆ ಅದನ್ನು ಹಿಂದಿನಿಂದ ಮುಂದಕ್ಕೆ ಗಟ್ಟಿಯಾಗಿ ಓದು ಎಂದರು. ಹಿಂದಿನಿಂದ ಓದಿದರೆ ನಾಲಿಗೆ ಊಹಿಸಿ ಹೇಳುವುದಿಲ್ಲ, ಕಣ್ಣಿಗೆ ಕಂಡದ್ದನ್ನಷ್ಟೇ ಹೇಳುತ್ತದೆ. ಆ ಅಭ್ಯಾಸ ಇಂದಿಗೂ ಇದೆ.

ಇನ್ನೊಂದು ಪಾಠವನ್ನು ಅವರು ಪಾಠವೆಂದು ಹೇಳಿಯೇ ಇರಲಿಲ್ಲ. ಹೋಗುತ್ತಿದ್ದಂತೆಯೇ, ಕೆಲವೊಮ್ಮೆ ನನಗೆ ಜೋಂಪು ಹತ್ತಿದ ಹೊತ್ತಿನಲ್ಲಿ, “ಈಗ ಎಲ್ಲಿ ಅದೀವಿ?” ಎಂದು ಕೇಳುತ್ತಿದ್ದರು. ಪುಣೆಯ ಹತ್ತಿರ ಎಂದರೆ ನಡೆಯುತ್ತಿರಲಿಲ್ಲ. ಹಿಂದೆ ಹೋದ ಊರು ಯಾವುದು, ಮುಂದಿನದು ಯಾವುದು, ಕಿಲೋಮೀಟರ್ ಕಲ್ಲಿನ ಮೇಲೆ ಎಷ್ಟಿತ್ತು ಎಂದು ಹೇಳಬೇಕು. ಇದರ ಕಾರಣ ನನಗೆ ತಿಳಿದದ್ದು ಬಹಳ ತಡವಾಗಿ. ಪರರಾಜ್ಯದಲ್ಲಿ ಹೊಸ ಡ್ರೈವರನ ಮನಸ್ಸಿನಲ್ಲಿ ಎಲ್ಲಕ್ಕಿಂತ ಆಳವಾಗಿ ಕೂತಿರುವ ಭಯ ಅಪಘಾತದ್ದು, ಅಪಘಾತಕ್ಕಿಂತಲೂ ಅದಾದ ನಂತರದ ಐದು ನಿಮಿಷದ್ದು. ಸುತ್ತ ಜನ ಸೇರುತ್ತಾರೆ, ಅವರ ಮಾತು ಬಾರದು, ಆ ಊರಿನ ಹೆಸರೂ ಗೊತ್ತಿಲ್ಲ. ಗಾಯಾಳುವಿಗೆ ಚಿಕಿತ್ಸೆ ಕೊಡಿಸಬೇಕು, ಪೊಲೀಸರಿಗೆ ತಿಳಿಸಬೇಕು ಎಂದು ಮೋಟಾರು ವಾಹನ ಕಾಯ್ದೆಯ 134ನೆಯ ಕಲಮು ಡ್ರೈವರನಿಗೆ ಹೇಳುತ್ತದೆ. ಜನರ ರೊಚ್ಚಿನಿಂದಾಗಿ ಅದು ಆಗದ ಸಂದರ್ಭವಿರಬಹುದು ಎಂಬುದನ್ನು ಅದೇ ಕಲಮು ಒಪ್ಪಿಕೊಂಡಿದೆ ಕೂಡ. ಆದರೆ 112ಕ್ಕೋ ಹೆದ್ದಾರಿಯ 1033ಕ್ಕೋ ಕರೆ ಮಾಡಿದವನು ತಾನು ಎಲ್ಲಿದ್ದೇನೆ ಎಂಬುದನ್ನೇ ಹೇಳಲಾರದೆ ಹೋದರೆ ಆಂಬುಲೆನ್ಸ್ ಬರುವುದೆಲ್ಲಿಗೆ? 2024ರ ಜನವರಿಯ ಮೊದಲ ದಿನಗಳಲ್ಲಿ, ತಿಳಿಸದೆ ಓಡಿಹೋದವರಿಗೆ ಹತ್ತು ವರ್ಷದವರೆಗಿನ ಶಿಕ್ಷೆ ವಿಧಿಸುವ ಹೊಸ ಕಲಮಿನ ವಿರುದ್ಧ ದೇಶದ ಅನೇಕ ಕಡೆ ಡ್ರೈವರುಗಳು ಗಾಡಿ ನಿಲ್ಲಿಸಿದರು, ನಾನೂ ನಿಲ್ಲಿಸಿದೆ. ಓಡಿಹೋಗುವುದು ಸರಿ ಎಂಬ ಕಾರಣಕ್ಕಾಗಿ ನಾನು ನಿಲ್ಲಿಸಲಿಲ್ಲ. ಗಾಯಗೊಂಡವನನ್ನು ರಸ್ತೆಯಲ್ಲಿ ಬಿಟ್ಟು ಹೋಗುವುದನ್ನು ನನ್ನಿಂದ ಒಪ್ಪಲಾಗದು. ನಿಲ್ಲುವ ಡ್ರೈವರನಿಗೆ ರಕ್ಷಣೆಯ ಭರವಸೆ ಕೊಡದೆ, ಓಡಿದವನಿಗೆ ಮಾತ್ರ ಶಿಕ್ಷೆ ಹೆಚ್ಚಿಸಿದರೆ ಗಾಯಾಳುವಿಗೂ ಒಳಿತಾಗುವುದಿಲ್ಲ ಎಂಬುದು ನನ್ನ ನಂಬಿಕೆ.

ಈಗ ಘಾಟಿನ ವಿಷಯ. ಪುಣೆಯ ಕಡೆಯಿಂದ ಬರುವಾಗ ಖಂಡಾಳಾ ದಾಟಿದ ಮೇಲೆ ಖೋಪೋಲಿಯವರೆಗೆ ಇಳಿಜಾರು. ಬೋರ್ ಘಾಟ್ ಎನ್ನುತ್ತಾರೆ. ಪುಣೆಯ ಹತ್ತಿರದ ಕೈಗಾರಿಕಾ ಪ್ರದೇಶಗಳಾದ ಚಾಕಣದಿಂದಲೋ ರಾಂಜಣಗಾಂವದಿಂದಲೋ ರಫ್ತಿನ ಮಾಲು ತುಂಬಿಕೊಂಡು ಬಂದರಿಗೆ ಹೋಗುವ ಪ್ರತಿಯೊಂದು ಗಾಡಿಯೂ ಆಗ ತನ್ನ ಪೂರ್ತಿ ಭಾರದೊಂದಿಗೆ ಇದನ್ನು ಇಳಿಯಲೇಬೇಕಿತ್ತು. ವಿಜಯಪುರದ ಬಯಲಿನಲ್ಲಿ ಬೆಳೆದ ನಾನು ಅಂಥ ಇಳಿಜಾರನ್ನು ನೋಡಿರಲಿಲ್ಲ. ಕಾಕಾ ಅವರ ನಿಯಮ ಒಂದೇ: “ಯಾವ ಗೇರಿನ್ಯಾಗ ಏರತದ, ಅದ ಗೇರಿನ್ಯಾಗ ಇಳೀಬೇಕು.” ಘಾಟ್ ಆರಂಭವಾಗುವ ಮೊದಲೇ ಗೇರು ಕೆಳಗಿಳಿಸಿ, ಎಂಜಿನ್ನಿನ ಹೊಗೆಯನ್ನು ತಡೆದು ಗಾಡಿಯ ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಹಾಕಿ, ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುವಂತೆ ಮಾಡುತ್ತಿದ್ದರು. ಕಾಲಿನ ಬ್ರೇಕನ್ನು ಅಗತ್ಯಬಿದ್ದಾಗ ಒಮ್ಮೆ ಗಟ್ಟಿಯಾಗಿ ಒತ್ತಿ ಬಿಡುತ್ತಿದ್ದರು.

ಡೀಸೆಲ್ ಉಳಿಸುವ ಆಸೆಗೆ ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಗೇರಿನಿಂದ ಬಿಟ್ಟ ಗಾಡಿಯನ್ನು ಹಿಡಿಯಲು ಉಳಿಯುವುದು ಕಾಲಿನ ಬ್ರೇಕ್ ಒಂದೇ. ಮತ್ತೆ ಮತ್ತೆ ಒತ್ತಿದಂತೆ ಗಾಲಿಯ ಬ್ರೇಕ್ ಡ್ರಮ್ಮು ಕಾಯುತ್ತದೆ, ಅದನ್ನು ಒತ್ತಿ ಹಿಡಿಯುವ ಲೈನರು ಕಾದು ಹಿಡಿತ ಬಿಡುತ್ತದೆ, ಬ್ರೇಕನ್ನು ನಡೆಸುವ ಗಾಳಿಯೂ ಟ್ಯಾಂಕಿನಲ್ಲಿ ಕಡಿಮೆಯಾಗುತ್ತ ಹೋಗುತ್ತದೆ. ಇನ್ನೂ ದುಡುಕಿ ಎಂಜಿನ್ನನ್ನೇ ಆರಿಸಿದರೆ ಗಾಳಿ ತುಂಬುವ ಕಂಪ್ರೆಸರೂ ನಿಲ್ಲುತ್ತದೆ, ಸ್ಟೇರಿಂಗೂ ಕಲ್ಲಿನಂತೆ ಗಟ್ಟಿಯಾಗುತ್ತದೆ. ಪುಣೆಯಲ್ಲಿ ಕಾತ್ರಜದ ಹೊಸ ಸುರಂಗದಿಂದ ನವಲೆ ಸೇತುವೆಯವರೆಗಿನ ಇಳಿಜಾರಿನಲ್ಲಿ ಮತ್ತೆ ಮತ್ತೆ ಆಗುತ್ತಿರುವ ಅಪಘಾತಗಳ ಸುದ್ದಿಯನ್ನು ಬೆಂಗಳೂರು–ಮುಂಬೈ ದಾರಿಯ ಡ್ರೈವರುಗಳೆಲ್ಲ ಬಲ್ಲರು. ಆ ಇಳಿಜಾರು ನೋಡಲು ಭಯ ಹುಟ್ಟಿಸುವಂಥದ್ದಲ್ಲ. ಸುರಂಗ ಮುಗಿದೊಡನೆ ರಸ್ತೆ ಅಗಲವಾಗುತ್ತದೆ, ಊರಿನ ದೀಪಗಳು ಕಾಣುತ್ತವೆ, ಘಾಟ್ ಮುಗಿಯಿತೆಂದು ಕಾಲು ಸಡಿಲವಾಗುತ್ತದೆ. ಅದು ಇಳಿಜಾರೆಂಬುದು ಹೊಸಬನಿಗೆ ತಿಳಿಯಬೇಕಾದರೆ ಪಕ್ಕದಲ್ಲಿ ತಿಳಿದವರೊಬ್ಬರು ಇರಬೇಕು.

ಆ ವರ್ಷ ಡಿಸೆಂಬರಿನಲ್ಲಿ ಎಳ್ಳ ಅಮಾವಾಸ್ಯೆಗೆಂದು ಕಾಕಾ ಜತ್ತಕ್ಕೆ ಹೋದರು. ನಮ್ಮ ಕಡೆ ಆ ಹಬ್ಬವೆಂದರೆ ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಬಿಳಿಜೋಳದ ಪೈರಿಗೆ ಚರಗ, ಎಂದರೆ ಅಡುಗೆಯ ನೈವೇದ್ಯ, ಚೆಲ್ಲುವ ದಿನ. ಸಜ್ಜೆಯ ಕಡುಬು, ಭಜ್ಜಿ ಪಲ್ಯ, ಎಣ್ಣೆಗಾಯಿ ತಿಂದು ಸಂಜೆಯವರೆಗೆ ಹೊಲದಲ್ಲೇ ಇರುವ ದಿನ. ನಾನೂ ರಜೆ ಕೇಳಿದೆ. ಲೈಸನ್ಸ್ ಮಾಲಕರ ಖಾನೆಯಲ್ಲಿತ್ತು. ಎರಡು ತಿಂಗಳ ಸಂಬಳವೂ ಅವರಲ್ಲೇ ಇತ್ತು. ಇಬ್ಬರೂ ಹೋದರೆ ಗಾಡಿ ನಿಲ್ಲುತ್ತದೆ, ನೀನೇ ನಡೆಸು ಎಂದರು. ಹೀಗೆ ನನ್ನ ಮೊದಲ ಒಂಟಿ ಟ್ರಿಪ್ ಬಂದದ್ದು ಎಳ್ಳ ಅಮಾವಾಸ್ಯೆಯ ರಾತ್ರಿ, ಚಾಕಣದಿಂದ ಬಂದರಿಗೆ.

ಖಂಡಾಳಾದಲ್ಲಿ ಗೇರು ಇಳಿಸಿ, ಎಕ್ಸಾಸ್ಟ್ ಬ್ರೇಕ್ ಹಾಕಿ, ಎಡಗಡೆಯ ಲೇನಿನಲ್ಲೇ ನಿಧಾನ ಇಳಿಯತೊಡಗಿದೆ. ಹಿಂದಿನಿಂದ ಬಂದ ಗಾಡಿಗಳು ಹಾರ್ನ್ ಹೊಡೆಯುತ್ತ, ಮೇಲಿನ ದೀಪ ಮಿನುಗಿಸುತ್ತ ಒತ್ತಿದವು. ಹೊಸ ಡ್ರೈವರನಿಗೆ ಹಿಂದಿನವರ ಹಾರ್ನ್ ಎಂದರೆ ಬೈಗುಳವಿದ್ದಂತೆ. ನಾಚಿಕೆಗೆ ಒಂದು ಗೇರು ಏರಿಸಿದೆ. ಅಷ್ಟರಲ್ಲೇ ಗಾಡಿ ಕೈಯಿಂದ ಜಾರುತ್ತಿದೆ ಎನ್ನುವ ಅನುಭವ ಬೆನ್ನಿಗೆ ತಟ್ಟಿತು. ಒಂದರ ಹಿಂದೊಂದು ನಾಲ್ಕು ಸಲ ಬ್ರೇಕ್ ಒತ್ತಿದೆ. ಗಾಳಿಯ ಒತ್ತಡ ತೋರಿಸುವ ಮುಳ್ಳು ಇಳಿಯುವುದು ಕಂಡಿತು, ಸುಟ್ಟ ಲೈನರಿನ ವಾಸನೆ ಕ್ಯಾಬಿನ್ನಿಗೆ ಬಂತು. ಅಂಚಿನಲ್ಲಿ ಒಂದಿಷ್ಟು ಅಗಲವಾದ ಜಾಗ ಕಂಡಲ್ಲಿ ಹೇಗೋ ನಿಲ್ಲಿಸಿದೆ. ಕೆಳಗೆ ಇಳಿದು ಗಾಲಿಗೆ ಕಲ್ಲು ಒಡ್ಡಬೇಕಿತ್ತು. ಕಲ್ಲು ಒಡ್ಡುವುದು ಎಡಗಡೆ ಕುಳಿತವನ ಕೆಲಸ. ಡ್ರೈವರನ ಕಾಲು ಅಲ್ಲಿಯವರೆಗೆ ಬ್ರೇಕಿನ ಮೇಲಿರಬೇಕು. ಎಡಗಡೆಯ ಸೀಟಿನ ಮೇಲೆ ನನ್ನ ಊಟದ ಡಬ್ಬಿಯೊಂದೇ ಇತ್ತು. ಹ್ಯಾಂಡ್ ಬ್ರೇಕನ್ನು ನಂಬಿ, ಅದು ಹಿಡಿದಿದೆಯೇ ಎಂದು ಮೂರು ಸಲ ಪರೀಕ್ಷಿಸಿ, ಕೆಳಗೆ ಹಾರಿ ಎರಡು ಕಲ್ಲು ತಂದು ಹಿಂದಿನ ಗಾಲಿಗೆ ಒಡ್ಡಿದೆ. ಡ್ರಮ್ಮುಗಳಿಂದ ಹೊಗೆ ಏಳುತ್ತಿತ್ತು. ಕ್ಯಾನಿನಲ್ಲಿ ನೀರಿತ್ತು, ಹಾಕಲಿಲ್ಲ. ಕಾದ ಡ್ರಮ್ಮಿಗೆ ನೀರು ಹಾಕಿದರೆ ಬಿರುಕು ಬಿಡುತ್ತದೆ ಎಂದು ಕಾಕಾ ಹೇಳಿದ್ದು ಆ ಹೊತ್ತಿನಲ್ಲಿ ನೆನಪಾದದ್ದು ನನ್ನ ಪುಣ್ಯ. ಒಂದೂಕಾಲು ಗಂಟೆ ಅಲ್ಲೇ ನಿಂತೆ. ಆಮೇಲೆ ಏರುವ ಗೇರಿನಲ್ಲೇ ಇಳಿದೆ, ಹಾರ್ನುಗಳು ಏನನ್ನಾದರೂ ಹೇಳಲಿ ಎಂದು. ಬಂದರಿನಲ್ಲಿ ಸರದಿ ತಪ್ಪಿತು. ಮಾಲಕರು ಆ ಟ್ರಿಪ್ಪಿನ ಬತ್ತಾ ಕೊಡಲಿಲ್ಲ.

ಕಾಕಾ ಮರಳಿ ಬಂದ ಮೇಲೆ ನಡೆದದ್ದನ್ನು ಕೇಳಿ ಮಾಲಕರ ಕಚೇರಿಗೆ ಹೋದರು. ಒಳಗೆ ಏನು ಮಾತಾಯಿತೋ ನನಗೆ ತಿಳಿಯದು. ಹೊರಗೆ ಬಂದಾಗ ಅವರ ಕೈಯಲ್ಲಿ ನನ್ನ ಲೈಸನ್ಸ್ ಇತ್ತು. ಈ ಹುಡುಗ ಓಡಿಹೋದರೆ ನನ್ನ ಸಂಬಳ ಹಿಡಿಯಿರಿ ಎಂದು ಅವರು ಜಾಮೀನು ನಿಂತಿದ್ದರೆಂದು ಆಮೇಲೆ ಬೇರೆಯವರಿಂದ ಗೊತ್ತಾಯಿತು. ಊರಿನಲ್ಲಿ ನಾನು ಇಂಥವರ ಮಗ, ಇಂಥ ಮನೆತನದವನು ಎಂಬುದಕ್ಕೆ ಯಾರೂ ಸಾಕ್ಷಿ ಕೇಳುತ್ತಿರಲಿಲ್ಲ. ಸೇತುವೆ ದಾಟಿದ ಮೇಲೆ ನಾನು ಒಂದು ಲೈಸನ್ಸ್ ನಂಬರು ಮಾತ್ರ ಆಗಿದ್ದೆ, ಅದನ್ನೂ ಖಾನೆಯಲ್ಲಿ ಇಟ್ಟುಕೊಂಡಿದ್ದರು. ನನ್ನನ್ನು ಮತ್ತೆ ಒಬ್ಬ ಮನುಷ್ಯನನ್ನಾಗಿ ಮಾಡಿದ್ದು ಕಾಕಾ ಅವರ ಒಂದು ಮಾತು. ಮೊಬೈಲಿನಲ್ಲಿ ಡಿಜಿಲಾಕರ್ ಮೂಲಕ ತೋರಿಸುವ ಲೈಸನ್ಸೂ ಮಾನ್ಯ ಎಂದು 2018ರ ಕೊನೆಗೆ ಕೇಂದ್ರ ಸರ್ಕಾರ ಸ್ಪಷ್ಟಪಡಿಸಿತು. ಕಾರ್ಡು ಅಡವಿಟ್ಟುಕೊಳ್ಳುವ ಪದ್ಧತಿಯ ಬಲವನ್ನು ಅದು ಎಷ್ಟೋ ಕಡಿಮೆ ಮಾಡಿದೆ ಎಂದು ಹೊಸ ಹುಡುಗರಿಗೆ ನಾನು ತಪ್ಪದೆ ಹೇಳುತ್ತೇನೆ.

ಕಾಯುವುದು ಈ ವೃತ್ತಿಯ ಅರ್ಧ ಆಯುಷ್ಯವನ್ನು ತಿನ್ನುತ್ತದೆ. ನಾನು ಅಲ್ಲಿಗೆ ಹೋದ 2017ರ ಜೂನ್‌ನಲ್ಲಿ ಮುಂಬೈ ನಗರದೊಳಗಿನ ಮಾಲಿದ್ದರೆ ವಾಶಿಯ ಜಕಾತಿ ನಾಕಾದಲ್ಲಿ ರಾತ್ರಿಯಿಡೀ ನಿಲ್ಲಬೇಕಾಗುತ್ತಿತ್ತು. ಜುಲೈ 1ರಂದು ಜಿಎಸ್‌ಟಿ ಬಂದು ಜಕಾತಿ ಹೋಯಿತು. ಆ ನಾಕಾ ಒಂದೇ ರಾತ್ರಿಯಲ್ಲಿ ಬರಿದಾದದ್ದನ್ನು ನಾನು ಕಣ್ಣಾರೆ ನೋಡಿದೆ. ಮುಂದೆ 2018ರ ಏಪ್ರಿಲ್‌ನಿಂದ ಸಾಗಿಸುವ ಮಾಲಿನ ವಿವರವನ್ನು ಆನ್‌ಲೈನಿನಲ್ಲಿ ದಾಖಲಿಸುವ ಇ-ವೇ ಬಿಲ್ ಬಂತು, 2021ರ ಫೆಬ್ರುವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾಯಿತು. ದಾರಿಯ ಮೇಲಿನ ಕಾಯುವಿಕೆ ನಿಜವಾಗಿಯೂ ಕಡಿಮೆಯಾಗಿದೆ. ಕಾರ್ಖಾನೆಯ ಗೇಟಿನಲ್ಲಿ, ಯಾರ್ಡಿನಲ್ಲಿ, ಬಂದರಿನ ಹೊರಗಿನ ಕಾಯುವಿಕೆ ಹಾಗೆಯೇ ಇದೆ. ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ, ಐದು ಗಂಟೆಯ ದುಡಿಮೆಯ ನಂತರ ಅರ್ಧ ಗಂಟೆಯ ವಿಶ್ರಾಂತಿ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ಬರೆದಿತ್ತು. ಟ್ರಿಪ್ಪಿನ ಲೆಕ್ಕದಲ್ಲಿ ಸಂಬಳ ಕೊಡುವಲ್ಲಿ ಆ ಗಂಟೆಗಳನ್ನು ಎಣಿಸಿದವರನ್ನು ನಾನು ಕಂಡಿಲ್ಲ. ಹದಿನಾಲ್ಕು ಗಂಟೆ ಕಾದು ಲೋಡಾದ ಮೇಲೆ ನಿದ್ದೆಗೆಟ್ಟ ಕಣ್ಣಿನಲ್ಲೇ ಹೊರಡಬೇಕಾಗುವುದು ಹೊಸ ಡ್ರೈವರನಿಗೆ ಘಾಟಿನಷ್ಟೇ ಅಪಾಯದ್ದು. ಕಾಕಾ ಇದ್ದಾಗ ಒಬ್ಬರು ಸಾಲಿನಲ್ಲಿ ಗಾಡಿ ಮುಂದೂಡುತ್ತಿದ್ದರೆ ಇನ್ನೊಬ್ಬರು ಹಿಂದಿನ ಹಾಸಿಗೆಯಲ್ಲಿ ಮಲಗುತ್ತಿದ್ದೆವು.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಡಿಯವನಾದ್ದರಿಂದ ಮರಾಠಿ ಕಿವಿಗೆ ಪರಿಚಿತವಿತ್ತು, ಯಾರ್ಡಿನ ಹಿಂದಿಯನ್ನು ಮೂರು ತಿಂಗಳಲ್ಲಿ ಕಲಿತೆ. ಆದರೂ ಒಂದು ಸಂಗತಿ ಮನಸ್ಸಿನಲ್ಲಿ ಉಳಿದಿದೆ. ಹೋದ ಹೊಸದರಲ್ಲಿ ಒಂದು ತಿರುವಿನ ಬಳಿ ‘ವಾಹನೇ ಸಾವಕಾಶ ಹಾಕಾ’ ಎಂಬ ನಾಗರಿ ಲಿಪಿಯ ಹಳೆಯ ಫಲಕ ಕಂಡಿತ್ತು. ಮನೆಯಿಂದ ಹೊರಡುವಾಗ ಅವ್ವ ಬಾಗಿಲಲ್ಲಿ ನಿಂತು ಹೇಳಿದ ಕೊನೆಯ ಮಾತೂ ಅದೇ: “ಸಾವಕಾಶ ಹೋಗಪಾ.” ಪರರಾಜ್ಯದ ರಸ್ತೆಯ ಬದಿಯಲ್ಲಿ ಅವ್ವನ ಆ ಮಾತನ್ನು ಬರೆದು ನಿಲ್ಲಿಸಿದಂತೆ ಕಂಡು, ಎಡಗಡೆ ಕುಳಿತಿದ್ದ ನಾನು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡಿದ್ದೆ.

ಕಾಕಾ 2021ರಲ್ಲಿ ಗಾಡಿ ಬಿಟ್ಟು ಊರಿಗೆ ಹೋದರು, ದ್ರಾಕ್ಷಿ ತೋಟ ನೋಡಿಕೊಂಡಿದ್ದಾರೆ. ನಾನು ಈಗ ವಿಜಯಪುರದ ಮಾಲಕರೊಬ್ಬರ ಹತ್ತು ಗಾಲಿಯ ಲಾರಿ ನಡೆಸುತ್ತೇನೆ, ನಮ್ಮ ಭಾಗದ ನಿಂಬೆ ಮತ್ತು ದಾಳಿಂಬೆಯನ್ನು ವಾಶಿಯ ಎಪಿಎಂಸಿಗೆ ಒಯ್ಯುತ್ತೇನೆ. ಮನೆ ಕಳಂಬೋಲಿಯಲ್ಲೇ ಇದೆ. ದಾರಿಯಲ್ಲಿ ಎದುರಾಗುವ ಲಾರಿಗಳ ಎಡಗಡೆಯ ಸೀಟನ್ನು ನೋಡುವ ಅಭ್ಯಾಸ ನನಗಿದೆ. ಹೆಚ್ಚಿನವು ಖಾಲಿ. ಕ್ಲೀನರನ ಸಂಬಳ ಉಳಿಯಲಿ ಎಂದು ಮಾಲಕರು ಒಬ್ಬನನ್ನೇ ಕಳಿಸುತ್ತಾರೆ. ಬಾಡಿಗೆಯಲ್ಲಿ ಉಳಿಯುವುದು ಕಡಿಮೆ ಎಂಬ ಅವರ ಮಾತೂ ಸುಳ್ಳಲ್ಲ. ಸರಕು ವಾಹನದ ಲೈಸನ್ಸಿಗೆ ಎಂಟನೆಯ ತರಗತಿ ಪಾಸಾಗಿರಬೇಕೆಂಬ ನಿಯಮವನ್ನು 2019ರಲ್ಲಿ ತೆಗೆದುಹಾಕಿದರು. ಶಾಲೆ ಬಿಟ್ಟ ನಮ್ಮ ಹಳ್ಳಿಯ ಹುಡುಗರಿಗೆ ಅದರಿಂದ ಉಪಕಾರವಾಗಿದೆ, ನಾನು ಅದನ್ನು ಸ್ವಾಗತಿಸುತ್ತೇನೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಸರಕು ವಾಹನಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ, ಅದೂ ಒಳ್ಳೆಯದೇ. ಆದರೆ ಹೊಸಬನು ಕಲಿಯುತ್ತಿದ್ದ ಶಾಲೆ ಎಡಗಡೆಯ ಸೀಟಾಗಿತ್ತು, ಅದು ನಮ್ಮ ಕಣ್ಣೆದುರೇ ಮುಚ್ಚಿಹೋಗುತ್ತಿದೆ. ಡ್ರೈವಿಂಗ್ ಶಾಲೆಯ ಮೈದಾನದಲ್ಲಿ ಖಾಲಿ ಲಾರಿ ತಿರುಗಿಸಿದ ಹುಡುಗನು ಮರುವಾರವೇ ಬೇರೆ ರಾಜ್ಯದ ಘಾಟಿನಲ್ಲಿ ಇಪ್ಪತ್ತೆಂಟು ಟನ್ ಭಾರದೊಂದಿಗೆ ಒಬ್ಬನೇ ಇರುತ್ತಾನೆ.

ಊರಿನಿಂದ ಹುಡುಗರು ಫೋನ್ ಮಾಡಿ, ಅಣ್ಣಾ, ಲೈಸನ್ಸ್ ಆಗಿದೆ, ಅಲ್ಲಿಗೆ ಬರಲೇ ಎಂದು ಕೇಳುತ್ತಾರೆ. ಸಂಬಳ ಎಷ್ಟು ಎಂಬುದನ್ನು ಮೊದಲು ಕೇಳುತ್ತಾರೆ, ನಾನೂ ಹಾಗೆಯೇ ಕೇಳಿದ್ದೆ. ಯಾರ ಪಕ್ಕದಲ್ಲಿ ಕೂರಿಸುತ್ತಾರೆ ಎಂದು ಮೊದಲು ಕೇಳು ಎನ್ನುತ್ತೇನೆ. ಒಂದು ವರ್ಷ ಅರ್ಧ ಸಂಬಳವಾದರೂ ಚಿಂತೆಯಿಲ್ಲ, ಪಕ್ಕದಲ್ಲಿ ಹಿರಿಯನಿರುವ ಗಾಡಿಯನ್ನೇ ಹುಡುಕು. ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೆ ಎತ್ತುವ ಒಬ್ಬರಾದರೂ ಆ ಊರಿನಲ್ಲಿ ಇದ್ದಾರೆಯೇ ನೋಡು. ಲೈಸನ್ಸಿನ ಮೂಲ ಕಾರ್ಡನ್ನು ಯಾರಿಗೂ ಒತ್ತೆ ಕೊಡಬೇಡ. ಬಾಡಿಗೆ ಕೋಣೆಗೆ ಕರಾರುಪತ್ರ ಮಾಡಿಸಿಕೋ, ಇಲ್ಲವಾದರೆ ಲೈಸನ್ಸಿನ ವಿಳಾಸ ಬದಲಿಸುವುದೂ ಕಷ್ಟ, ಊರಿಗೆ ಓಡಬೇಕಾಗಬಹುದು. ನನ್ನ ಮೊದಲ ನವೀಕರಣಕ್ಕೆ ನಾನು ಎಂಟು ದಿನದ ದುಡಿಮೆ ಬಿಟ್ಟು ವಿಜಯಪುರಕ್ಕೆ ಹೋಗಿದ್ದೆ.

ಕಳೆದ ತಿಂಗಳು ನನ್ನ ಪಕ್ಕದ ಹಳ್ಳಿಯ ಹುಡುಗನೊಬ್ಬನನ್ನು ಕರೆದುಕೊಂಡು ಬಂದೆ. ಇಬ್ಬರಿಗೆ ಸಂಬಳ ಕೊಡಲು ಆಗದು ಎಂದ ಮಾಲಕರನ್ನು, ನನ್ನ ಬತ್ತಾದಲ್ಲಿ ಒಂದು ಪಾಲು ಅವನಿಗೆ ಕೊಡುತ್ತೇನೆ ಎಂದು ಒಪ್ಪಿಸಿದೆ. ಹುಡುಗನ ಕೈಯಲ್ಲಿ ಹೊಸ ಲೈಸನ್ಸ್ ಇದೆ. ಮುಖದ ಮೇಲೆ ಅಂದು ನನ್ನ ಮುಖದ ಮೇಲಿದ್ದ ಮುನಿಸೇ ಇದೆ. ನಿಂಬೆ ಚೀಲಗಳ ಮೇಲೆ ತಾಡಪತ್ರಿ ಎಳೆದು ಹಗ್ಗ ಬಿಗಿಯುವಾಗ ಗಂಟು ಎರಡು ಸಲ ಸಡಿಲಾಯಿತು; ಮೂರನೆಯ ಸಲ ಸರಿಯಾಗಿ ಹಾಕಿದ. ಧೂಳಖೇಡದಲ್ಲಿ ಭೀಮೆ ದಾಟುವಾಗ ಕಿಟಕಿಯಿಂದ ತಲೆ ಹೊರಹಾಕಿ ನದಿ ಮರೆಯಾಗುವವರೆಗೂ ನೋಡಿದ. ಸೊಲ್ಲಾಪುರ ಕಳೆಯಿತು, ಟೆಂಭುರ್ಣಿ ಕಳೆಯಿತು. ಇಂದಾಪುರಕ್ಕೆ ಮೊದಲು, ಉಜನಿ ಅಣೆಕಟ್ಟಿನ ಕೆಳಗೆ, ಹೆದ್ದಾರಿ ಅದೇ ಭೀಮೆಯನ್ನು ಇನ್ನೊಮ್ಮೆ ದಾಟುತ್ತದೆ. ಅಲ್ಲಿ ಬಾಗಿಲು ತೆರೆದು ನೀರು ಬಿಟ್ಟರೆ ನಮ್ಮ ತಾಲ್ಲೂಕಿನ ಹೊಳೆದಂಡೆಯ ಹೊಲಗಳಿಗೆ ನೀರು ಬರುತ್ತದೆ. ಇದನ್ನು ನಾನು ಅವನಿಗೆ ಹೇಳಿರಲಿಲ್ಲ. ಸೇತುವೆ ಹತ್ತಿರವಾಗುವಾಗ ಅವನ ತಾಯಿಯ ಫೋನ್ ಬಂತು. ಎಲ್ಲಿದ್ದೀ ಎಂದು ಕೇಳಿರಬೇಕು. ಅವನು ಕಿಲೋಮೀಟರ್ ಕಲ್ಲಿಗಾಗಿ ಎಡಗಡೆಗೆ ಬಾಗಿ ನೋಡಿದ, ಆಮೇಲೆ ಸೇತುವೆಯ ಮೇಲಿನ ಫಲಕವನ್ನು ಕಷ್ಟಪಟ್ಟು ಓದಿದ. “ಟೆಂಭುರ್ಣಿ ದಾಟೀವಿ ಯವ್ವಾ, ಮುಂದ ಇಂದಾಪುರ,” ಎಂದ. ಸ್ವಲ್ಪ ಹೊತ್ತು ಕೆಳಗಿನ ನೀರನ್ನೇ ನೋಡಿ, “ಇಲ್ಲೂ ನಮ್ಮ ಹೊಳಿನ ಅದ,” ಎಂದ.